ಹಿಂಬಾಗಿಲ ಮೆಟ್ಟಿಲು ಉಳಿಸಿದವರು

ಒಂದು ಕಲ್ಲಿನ ಮೆಟ್ಟಿಲಿಗೆ ತಗಲುವ ಕಾಲವೆಷ್ಟು? ಕಲ್ಲು ಸೀಳಲು ಒಂದು ದಿನ, ಉಳಿ ಹಿಡಿದು ಹದಕ್ಕೆ ತರಲು ಮೂರು ದಿನ, ಕೂರಿಸಲು ಅರ್ಧ ದಿನ. ಅದೇ ಮೆಟ್ಟಿಲನ್ನು ಬರಿಗಾಲಿನಲ್ಲಿ ತುಳಿದು ಬಟ್ಟಲಿನಂತೆ ಸವೆಸಲು ನೂರು ವರ್ಷ. ಈ ಎರಡನೆಯ ಲೆಕ್ಕವನ್ನು ಕಲ್ಲುಕೆಲಸದವನಾದ ನನಗೆ ಕಲಿಸಿದವರು, ಚಹಾ ತೋಟದ ಬಂಗಲೆಯ ವಸ್ತುಸಂಗ್ರಹಾಲಯದಿಂದ ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲ ‘ಬೀಗದಕೈ ಅಕ್ಕ’ ಎಂದು ಕರೆಯುವ ಪಾಲಕಿಯವರು. ಹಳೆಯ ಮನೆಗಳನ್ನು ಕಾಯುವವರು ಬಹಳ ಮಂದಿ. ಅಲ್ಲಿ ದುಡಿದವರ ನೆನಪನ್ನೂ ಕಾಯ್ದವರಲ್ಲಿ ಅವರದು ಮೊದಲ ಸಾಲು.

ಮೂವತ್ತೊಂದು ವರ್ಷದ ಹಿಂದೆ ಧೂಳು ಒರೆಸುವ ಕೆಲಸಕ್ಕೆ ಸೇರಿದ ಅವರು, ಒರೆಸುತ್ತಲೇ ಒಂದೊಂದು ಕುರ್ಚಿ, ಕನ್ನಡಿಯ ಚರಿತ್ರೆ ತಿಳಿದುಕೊಂಡು, ಪರೀಕ್ಷೆ ಕಟ್ಟಿ ಪಾಲಕಿಯಾದರು. ನನ್ನ ಬೆರಳು ಕಲ್ಲಿಗೆ ಸಿಕ್ಕಿ ಜಜ್ಜಿಹೋದಾಗ, “ಕೈ ಕೆಟ್ಟರೇನು, ಕಣ್ಣು ನೆಟ್ಟಗಿದೆಯಲ್ಲ” ಎಂದು ಎರಡು ತಿಂಗಳು ಗೋಡೆಯ ಬಿರುಕು ಗುರುತಿಸುವ ಕೆಲಸ ಕೊಟ್ಟು ನನ್ನ ಒಲೆ ಆರದಂತೆ ನೋಡಿಕೊಂಡರು.

ಹನ್ನೆರಡು ವರ್ಷದ ಹಿಂದೆ ಬಂಗಲೆಯ ದುರಸ್ತಿ ನಡೆಯಿತು. ಅಡುಗೆಮನೆಯ ಹಿಂಬಾಗಿಲ ಸವೆದ ಮೆಟ್ಟಿಲನ್ನು ಕಿತ್ತು ಹೊಸದು ಹಾಕಬೇಕೆಂದು ಸಂಗ್ರಹಾಲಯದ ಆಡಳಿತ ಸಮಿತಿಯ ಆಜ್ಞೆ. ಹೊಸ ಕಲ್ಲು ಕಡೆದು ತಂದವನು ನಾನೇ. ಬಂದು ನೋಡಿದರೆ ಅಕ್ಕ ಅದೇ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

“ಏಳಿ ಅಕ್ಕ, ಹಾರೆ ಹಾಕಬೇಕು.”

“ಹಾಕಪ್ಪ, ಮೊದಲು ನನಗೇ ಹಾಕು. ನಮ್ಮಜ್ಜಿ ನೀರು ಹೊತ್ತು ಸವೆಸಿದ ಕಲ್ಲು ಇದು.”

ಸುದ್ದಿ ತಿಳಿದ ಸಮಿತಿಯ ಅಧ್ಯಕ್ಷರು ಕೆಂಡಾಮಂಡಲವಾಗಿ ಬಂದರು. “ಜನ ಎಡವಿ ಬಿದ್ರೆ ಯಾರ್ರೀ ಹೊಣೆ? ನಾಳೆಯಿಂದ ಕೆಲಸಕ್ಕೆ ಬರಬೇಡಿ!”

“ಆಯ್ತು ಸಾರ್. ಹೋಗೋ ಮುಂಚೆ ಒಂದೇ ಮಾತು. ಬೂಟು ಬಿಚ್ಚಿ, ಪಕ್ಕದಲ್ಲಿರೋ ಈ ನೀರಿನ ಕೊಡ ಹೊತ್ಕೊಂಡು ಒಂದ್ಸಲ ಹತ್ತಿ. ಮುಂಬಾಗಿಲ ಮೆಟ್ಟಿಲು ಯಾಕೆ ಸವೆದಿಲ್ಲ ಅಂತ ಆಮೇಲೆ ನೀವೇ ಹೇಳಿ.”

ಎಲ್ಲರೆದುರು ಹಿಂಜರಿಯಲಾಗದೆ ಅವರು ತುಂಬಿದ ಕೊಡ ಹೊತ್ತರು. ಪಾದ ಆ ಕುಳಿಯಲ್ಲಿ ಅಳತೆ ತೆಗೆದಂತೆ ಕೂತಿತು. ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು ಹತ್ತಿ, ಕೊಡ ಇಳಿಸಿ ನನ್ನತ್ತ ತಿರುಗಿದರು: “ಮೇಸ್ತ್ರಿ, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿ. ಕಲ್ಲು ಮುಟ್ಟಬೇಡಿ.” ಅಕ್ಕನಿಗೆ, “ನಾಳೆ ಬೇಗ ಬನ್ನಿ,” ಎಂದರು.

ಇಂದು ಬಂಗಲೆ ನೋಡಲು ಬಂದವರು ಒಳಹೋಗುವುದು ಆ ಹಿಂಬಾಗಿಲಿನಿಂದಲೇ. ಅಡುಗೆಯವರು, ನೀರು ಹೊತ್ತವರು, ಎಲೆ ಕಿತ್ತವರು ಸೇರಿ ಇನ್ನೂರ ಹದಿನಾಲ್ಕು ಮಂದಿಯ ಹೆಸರುಗಳು ಗೋಡೆಯ ಮೇಲಿವೆ. ಅವೆಲ್ಲ ಅಕ್ಕ ಮನೆಮನೆ ತಿರುಗಿ ಕೇಳಿ ತಂದವು. ಇನ್ನೂ ಸಿಗದ ಹೆಸರುಗಳಿಗಾಗಿ ಅಲೆಯಲು ಅವರ ಕಾಲಿಗೆ ಬಲವಿರಲಿ, ಆಯಸ್ಸು ನೂರು ದಾಟಲಿ.

ಅಂದು ಕಳೆದದ್ದು ನನ್ನ ಮೂರು ದಿನದ ಉಳಿಕೆಲಸ. ಉಳಿದದ್ದು ಅವರಜ್ಜಿಯ ಹೆಜ್ಜೆ.