ಕೋರ್ಟು ಏಳುವ ತನಕ

ವೀಳ್ಯದೆಲೆಗೆ ಸುಣ್ಣ ಜಾಸ್ತಿ ಬಳಿದು, ಜೊತೆಗೆ ನಾಲ್ಕು ಲವಂಗ ಅಗಿದರೆ ಕುಡಿದ ವಾಸನೆ ಬರುವುದಿಲ್ಲ ಎಂದು ನನ್ನ ಷಡ್ಡಕ ಹೇಳಿದ್ದ. ಹಿರಿಯೂರಿನಲ್ಲಿ ಲಾರಿ ಓಡಿಸುವವನು, ಇಂಥದ್ದೆಲ್ಲ ತಿಳಿದವನು ಎಂದು ನಂಬಿದೆ. ಅವತ್ತು ಭಾನುವಾರ ಮಧ್ಯಾಹ್ನ, ಮತ್ತೋಡಿನ ತೆಂಗಿನ ತೋಟವೊಂದರಲ್ಲಿ ಬೀಗರೂಟ. ಎರಡು ಲೋಟ ಕುಡಿದು, ಎಲೆ ಲವಂಗ ಬಾಯಿಗೆ ತುರುಕಿಕೊಂಡು ಬೈಕ್ ಹತ್ತಿದೆ. ಹೊಸದುರ್ಗ ಇನ್ನೇನು ಬಂತು ಅನ್ನುವಾಗ ರಸ್ತೆಗೆ ಬ್ಯಾರಿಕೇಡ್ ಹಾಕಿ ಪೊಲೀಸರು ನಿಂತಿದ್ದರು. ಅವರು ನನ್ನ ಬಾಯಿ ಮೂಸಿಯೂ ನೋಡಲಿಲ್ಲ. ಒಂದು ಯಂತ್ರ ಮುಂದೆ ಹಿಡಿದು "ಊದ್ರಿ" ಅಂದರು. ಅಷ್ಟು ಕಷ್ಟಪಟ್ಟು ಅಗಿದ ಲವಂಗ ಆ ಯಂತ್ರಕ್ಕೆ ಯಾವ ಲೆಕ್ಕ? ಚೀಟಿ ಹೊರಬಂತು. ಅದರ ಮೇಲೆ ನನ್ನ ಸಹಿ ಹಾಕಿಸಿಕೊಂಡರು.

ಬೈಕ್ ಠಾಣೆಗೆ ಹೋಯಿತು. ಲೈಸೆನ್ಸ್ ಇಟ್ಟುಕೊಂಡು ರಸೀದಿ ಕೊಟ್ಟರು. "ಕೋರ್ಟಿಗೆ ಬರ್ರಿ. ದಂಡ ಹಾಕ್ತಾರೋ ಜೈಲಿಗೆ ಹಾಕ್ತಾರೋ ಅದು ಜಡ್ಜ್ ಸಾಹೇಬ್ರಿಗೆ ಬಿಟ್ಟಿದ್ದು. ಅವ್ರು ಬರೆದ್ರೆ ಲೈಸೆನ್ಸ್ ಆರ್‌ಟಿಒಗೆ ಹೋಗ್ತೈತೆ" ಅಂದರು. ಜೈಲು ಅಂದಾಗ ಅಷ್ಟು ಭಯವಾಗಲಿಲ್ಲ. ಹೆದರಿದ್ದು ಕೋರ್ಟು ಅಂದಾಗ.

ಆಗ ನಾನು ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಿದ್ದೆ. ಆ ಮಕ್ಕಳಲ್ಲಿ ಒಬ್ಬಳ ತಾಯಿ ಅದೇ ಕೋರ್ಟಿನಲ್ಲಿ ಟೈಪಿಸ್ಟ್. ದಿನಾ ಬೆಳಿಗ್ಗೆ ಮಗಳನ್ನು ಹತ್ತಿಸಿ, ಬಾಗಿಲು ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ, "ನೀವಿದೀರಲ್ಲಣ್ಣ, ನಂಗೇನ್ ಯೋಚ್ನೆ ಇಲ್ಲ" ಅನ್ನುತ್ತಿದ್ದರು. ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟವರು ನಮ್ಮ ಮನೆಯಲ್ಲೂ ಇರಲಿಲ್ಲ. ನನ್ನ ಅಪರಾಧವನ್ನು ಅವರೇ ಟೈಪ್ ಮಾಡಬೇಕಾಗುತ್ತದೆ ಎಂಬುದು ನನ್ನ ಭಯ.

ಕೋರ್ಟಿನ ದಿನ ಬರುವ ತನಕ ರಸೀದಿ ಜೇಬಿನಲ್ಲಿಟ್ಟುಕೊಂಡೇ ವ್ಯಾನ್ ಓಡಿಸಿದೆ. ಹೆಂಡತಿಗೆ ಬೈಕ್ ಗ್ಯಾರೇಜಿನಲ್ಲಿದೆ ಎಂದೆ. ಎದುರಿಗೆ ಖಾಕಿ ಕಂಡರೆ ಸಾಕು, ಅದು ಪೋಸ್ಟ್‌ಮ್ಯಾನ್ ಆಗಿದ್ದರೂ ಕಾಲು ಬ್ರೇಕಿನ ಮೇಲಿರುತ್ತಿತ್ತು. "ಅಂಕಲ್, ನಡ್ಕಂಡ್ ಹೋಗಿದ್ರೆ ಇಷ್ಟೊತ್ತಿಗೆ ಸೇರ್ತಿದ್ವಿ" ಎಂದು ಮಕ್ಕಳು ನಗುತ್ತಿದ್ದವು. ನನಗೆ ನಗು ಬರುತ್ತಿರಲಿಲ್ಲ.

ಷಡ್ಡಕ ಫೋನಿನಲ್ಲಿ ಮತ್ತೆ ಬುದ್ಧಿ ಹೇಳಿದ. "ತಪ್ಪಾಯ್ತು ಅಂತ ಒಪ್ಕ. ಕೆಲ್ಸ ಏನು ಅಂದ್ರೆ ಬೇಸಾಯ ಅನ್ನು. ಡ್ರೈವರ್ ಅಂದ್ಯೋ, ಲೈಸೆನ್ಸ್ ಹಿಡ್ಕಂಡು ಕುಂತ್ಕಂತಾರೆ. ಹನ್ನೆರಡಕ್ಕೆಲ್ಲ ಆಚೆಗಿರ್ತೀಯ." ಲವಂಗದಲ್ಲಿ ಮೋಸ ಹೋದ ಮೇಲೂ ನಾನು ಅವನ ಮಾತು ಕೇಳಿದೆ.

ಆ ದಿನ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ನೇರ ಕೋರ್ಟಿಗೆ ಹೋದೆ. ನ್ಯಾಯಾಧೀಶರ ಎತ್ತರದ ಪೀಠದ ಕೆಳಗಿನ ಸಾಲಿನಲ್ಲಿ, ಕಂಪ್ಯೂಟರ್ ಮುಂದೆ ಆ ಟೈಪಿಸ್ಟ್ ತಾಯಿಯೇ ಕುಳಿತಿದ್ದರು. ನಾನು ಕಂಬದ ಮರೆಗೆ ಸರಿದೆ. ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಕೆಲಸ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಬೇಸಾಯ. ಅವತ್ತು ಅಲ್ಲಿ ಕುಡಿದು ಗಾಡಿ ಓಡಿಸಿದವರೆಲ್ಲ ರೈತರೇ.

ನನ್ನ ಹೆಸರು ಬಂತು. ಆ ತಾಯಿ ತಲೆ ಎತ್ತಿ ನೋಡಿದರು. ನ್ಯಾಯಾಧೀಶರು ಕೇಳಿದರು,

"ತಪ್ಪು ಒಪ್ಪಿಕೊಳ್ತೀರಾ?"

"ಹೌದು ಸ್ವಾಮಿ."

"ಏನು ಕೆಲಸ?"

ಆ ತಾಯಿ ನೋಡುತ್ತಿದ್ದಾರೆ ಎಂದು ಗೊತ್ತಿತ್ತು. ಆದರೂ ವಾರದಿಂದ ಉರು ಹೊಡೆದ ಮಾತೇ ಬಾಯಿಂದ ಬಿತ್ತು. "ಬೇಸಾಯ."

ಕೀಬೋರ್ಡಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಶುರುವಾಯಿತು.

ದಂಡ ಹಾಕಿದರು. ಜೊತೆಗೆ ಕೋರ್ಟು ಏಳುವ ತನಕ ಸೆರೆ ಅಂದರು. ಹಾಗೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಸಂಜೆ ನ್ಯಾಯಾಧೀಶರು ಎದ್ದು ಹೋಗುವವರೆಗೆ ಅದೇ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಿರಬೇಕು, ಅಷ್ಟೇ. ಇಷ್ಟೇನಾ ಎಂದು ನಿಟ್ಟುಸಿರು ಬಿಟ್ಟು ಕುಳಿತೆ. ಆಮೇಲೆ ಗೋಡೆ ಗಡಿಯಾರ ನೋಡಿದೆ. ಶಾಲೆ ಬಿಡುವುದು ಮೂರೂವರೆಗೆ.

ನನ್ನ ಮೊಬೈಲ್ ಕಾನ್‌ಸ್ಟೇಬಲ್ ಹತ್ತಿರ ಇತ್ತು. ಒಂದು ಫೋನ್ ಮಾಡಬೇಕಿತ್ತು ಸಾರ್ ಎಂದು ಎರಡು ಸಲ ಕೇಳಿದೆ. "ಸುಮ್ನೆ ಕುಂತ್ಕಳ್ರಿ" ಅಂದರು. ಮೂರು ಗಂಟೆಯಾಯಿತು. ಆ ತಾಯಿ ಸಾಕ್ಷಿಯೊಬ್ಬರ ಹೇಳಿಕೆ ಟೈಪ್ ಮಾಡುವುದರಲ್ಲಿ ಮುಳುಗಿದ್ದರು, ಗಡಿಯಾರದ ಕಡೆ ನೋಡಲೇ ಇಲ್ಲ. ವ್ಯಾನ್ ಕಾಣದಿದ್ದರೆ ಮಕ್ಕಳು ಗೇಟಿನಲ್ಲಿ ನಿಲ್ಲುವುದಿಲ್ಲ, ರಸ್ತೆ ದಾಟಿ ಐಸ್‌ಕ್ಯಾಂಡಿ ಗಾಡಿಗೆ ಓಡುತ್ತವೆ. ಆ ರಸ್ತೆಯಲ್ಲಿ ಕಾಯಿ ತುಂಬಿದ ಲಾರಿಗಳು ಹೇಗೆ ಬರುತ್ತವೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೀವಮಾನದಲ್ಲೇ ಅಷ್ಟು ಹೆದರಿದ್ದಿಲ್ಲ. ಎದ್ದು ನಿಂತೆ.

"ಸ್ವಾಮಿ, ನಾನು ಸುಳ್ಳು ಹೇಳಿದೆ. ನಂದು ಬೇಸಾಯ ಅಲ್ಲ. ಸ್ಕೂಲ್ ಮಕ್ಕಳ ವ್ಯಾನ್ ಓಡಿಸ್ತೀನಿ. ಮೂರೂವರೆಗೆ ಮಕ್ಕಳು ಆಚೆ ಬರ್ತಾವೆ."

ಇಡೀ ಹಾಲು ತಿರುಗಿ ನೋಡಿತು. ನ್ಯಾಯಾಧೀಶರು ಕೇಳಿದರು, "ಬೆಳಿಗ್ಗೆ ಅವರನ್ನು ಬಿಟ್ಟಿದ್ದು ಯಾರು?"

"ನಾನೇ ಸ್ವಾಮಿ."

"ಯಾವ ಲೈಸೆನ್ಸ್ ಇಟ್ಟುಕೊಂಡು?"

ಜೇಬಿನಿಂದ ರಸೀದಿ ತೆಗೆದು ತೋರಿಸಿದೆ. ನ್ಯಾಯಾಧೀಶರು ಮಕ್ಕಳನ್ನು ಒಳಗೇ ಕೂರಿಸಿಕೊಂಡು ಮನೆಯವರಿಗೆ ತಿಳಿಸಿ ಎಂದು ಶಾಲೆಗೆ ಫೋನ್ ಮಾಡಿಸಿದರು. ಆಮೇಲೆ ನನ್ನ ಕೆಲಸವನ್ನು ತಿದ್ದಿ ಬರೆಸಿದರು, ಲೈಸೆನ್ಸ್ ಅಮಾನತಿಗೆ ಆರ್‌ಟಿಒಗೆ ಬರೆಯಿರಿ ಎಂದರು. ಆ ತಾಯಿ ಅದನ್ನೆಲ್ಲ ಟೈಪ್ ಮಾಡಿದರು. ಮಗಳನ್ನು ಕರೆತರಲು ಅನುಮತಿ ಕೇಳಿ ಎದ್ದರು. ಹೋಗುವಾಗ ನನ್ನ ಬೆಂಚಿನ ಹತ್ತಿರ ನಿಂತರು.

"ನನ್ನ ಮಗಳು ವ್ಯಾನಲ್ಲಿದ್ದಾಗ್ಲೂ ಕುಡಿದಿರ್ತಿದ್ರಾ ಅಣ್ಣ?" ದನಿ ತಗ್ಗಿಸಿ ಕೇಳಿದರು.

"ಇಲ್ಲಮ್ಮ" ಅಂದೆ.

ಅದು ನಿಜ. ವ್ಯಾನ್ ಮುಟ್ಟುವ ದಿನ ನಾನು ಒಂದು ಹನಿಯನ್ನೂ ಬಾಯಿಗೆ ಬಿಟ್ಟವನಲ್ಲ. ಆದರೆ ಬೆಳಿಗ್ಗೆ ಬೇಸಾಯ ಅಂದದ್ದೂ ಇದೇ ದನಿಯಲ್ಲಿ, ಅದನ್ನು ಕೇಳಿ ಟೈಪ್ ಮಾಡಿದವರೂ ಅವರೇ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದರು. ಕೋರ್ಟು ಏಳಲು ಇನ್ನೂ ಎರಡು ಗಂಟೆ ಇತ್ತು.