ಅಳತೆ ಅಂಗಿ

ಕಾಲರ್ ಬಿಗಿಯಾದರೆ ತಪ್ಪು ಬಟ್ಟೆಯಲ್ಲಿರುತ್ತದೆ, ಇಲ್ಲವೇ ಹೊಲಿದ ಕೈಯಲ್ಲಿರುತ್ತದೆ ಎಂದು ಹೊಲಿಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಕತ್ತಿನಲ್ಲೇ ಇರಬಹುದು ಎಂದು ಯಾರೂ ಹೇಳಿರಲಿಲ್ಲ. ನನ್ನ ಗಂಡ ತೀರಿಕೊಂಡದ್ದು ಕತ್ತಿನ ಗಡ್ಡೆಯಿಂದ. ಅದು ಒಳಗೆ ಬೆಳೆಯುತ್ತಿದ್ದ ತಿಂಗಳುಗಳಲ್ಲೆಲ್ಲ ನಾನು ಮೇಲೆ ಕಾಲರ್ ಬಿಚ್ಚಿ ಬಿಚ್ಚಿ ಹೊಲಿಯುತ್ತಿದ್ದೆ.

ಅದು ಅರವತ್ತರ ದಶಕದ ಆರಂಭ. ಜಯನಗರದ ನಮ್ಮ ರಸ್ತೆಯಲ್ಲಿ ಆಗ ಏಳೆಂಟೇ ಮನೆ. ಹಿತ್ತಲ ಗೋಡೆಯಾಚೆ ಇನ್ನೂ ರಾಗಿ ಹೊಲವಿತ್ತು. ಮನೆಯಲ್ಲಿ ನಾವು ಮೂರೇ ಜನ, ಅವರು, ಅವರ ತಾಯಿ ಮತ್ತು ನಾನು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹೊಲಿಗೆ ಮಿಷನ್ ನನ್ನ ತವರಿನಿಂದ ಬಂದದ್ದು.

ಮೈಮೇಲೇ ಅಳತೆ ತೆಗೆಯಬೇಕು ಎಂದೂ ಕ್ಲಾಸಿನಲ್ಲಿ ಹೇಳಿದ್ದರು. ಮೊದಲ ಸಲ ಟೇಪು ಹಿಡಿದು ಅವರ ಬೆನ್ನ ಹಿಂದೆ ನಿಂತಾಗ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು.

"ಅಯ್ಯೋ, ಗಂಡನ ಕೊರಳಿಗೆ ಹಗ್ಗ ಸುತ್ತುತ್ತಾರೇನೇ? ಕೊರಳು ಅಳೆದರೆ ಆಯಸ್ಸು ಅಳೆದ ಹಾಗೆ."

"ಹಗ್ಗ ಅಲ್ಲಮ್ಮ, ಟೇಪು," ಎಂದು ಅವರು ನಕ್ಕರು.

"ಯಾವುದಾದರೇನು? ಮದುವೆ ಅಂಗಿ ಇದೆಯಲ್ಲ, ಅದರ ಮೇಲೆ ಅಳ್ಕೊಳ್ಲಿ."

ಮದುವೆಗೆಂದು ಬಸವನಗುಡಿಯ ದರ್ಜಿಯೊಬ್ಬರು ಹೊಲಿದಿದ್ದ ಅಂಗಿ ಅದು. ಚೆನ್ನಾಗಿ ಕೂರುತ್ತಿತ್ತು. ಅಂದಿನಿಂದ ಅದೇ ನಮ್ಮ ಅಳತೆ ಅಂಗಿಯಾಯಿತು. ಕತ್ತಿನ ಪಟ್ಟಿ ಹದಿನಾಲ್ಕೂವರೆ ಇಂಚು. ಆರು ವರ್ಷ ಅವರ ಎಲ್ಲ ಅಂಗಿಗಳನ್ನೂ ಅದನ್ನು ಹಾಸಿಯೇ ಕತ್ತರಿಸಿದೆ. ಒಂದರಲ್ಲೂ ದೋಷ ಬರಲಿಲ್ಲ.

ಏಳನೆಯ ವರ್ಷದ ಯುಗಾದಿಗೆ ತಿಳಿನೀಲಿ ಪಾಪ್ಲಿನ್ನಿನಲ್ಲಿ ಹೊಲಿದ ಅಂಗಿ ಬಲಗಡೆ ಒತ್ತುತ್ತದೆ ಎಂದು ಅವರು ಹೇಳಿದರು. ಬಟ್ಟೆ ಕುಗ್ಗಿರಬೇಕು ಅಂದುಕೊಂಡೆ. ಮುಂದಿನ ಬಟ್ಟೆಯನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿದೆ. ಅದೂ ಒತ್ತಿತು. ಕಾಲರಿನ ಎರಡು ತುದಿ ಕೂಡಿಸಿ ಮಡಿಸಿ ನೋಡಿದೆ. ಮಧ್ಯ ಸರಿಯಾಗಿಯೇ ಇತ್ತು. ಕಾಲರ್ ನೆಟ್ಟಗೆ ನಿಲ್ಲಲೆಂದು ಒಳಗೆ ಹಾಕಿದ ಬಕ್ರಂ ಬಟ್ಟೆ ಗಟ್ಟಿಯಾಯಿತೇನೋ ಎಂದು ತೆಗೆದು, ತೆಳುವಾದದ್ದನ್ನು ಹಾಕಿದೆ. ಕಾಲರಿಗೆ ಗಂಜಿ ಹಾಕುವುದನ್ನು ಬಿಟ್ಟೆ. ಗುಂಡಿಯನ್ನು ಅಂಚಿಗೆ ಸರಿಸಿದೆ. ಕೊನೆಗೆ ಕತ್ತಿನ ಸುತ್ತನ್ನೇ ಅರ್ಧ ಇಂಚು ಹಿಗ್ಗಿಸಿದೆ. ಆಗ ಎಡಗಡೆ ಕಾಲರ್ ಸಡಿಲವಾಗಿ ಬಾಯಿಬಿಟ್ಟಿತು, ಬಲಗಡೆ ಹಾಗೇ ಕೂತಿತ್ತು.

"ನನ್ನ ಕತ್ತು ಹಿಸುಕೋಕೆ ಎಷ್ಟು ದಿನದಿಂದ ಕಾಯ್ತಿದ್ದೆ ಕಣೇ?" ಎಂದು ಅವರು ಕನ್ನಡಿಯ ಮುಂದೆ ನಿಂತು ಕೇಳುತ್ತಿದ್ದರು.

"ನೀವು ತಲೆ ನೆಟ್ಟಗೆ ಇಟ್ಕೊಳ್ರಿ. ಒಂದು ಕಡೆ ವಾಲಿಸ್ಕೊಂಡು ನಿಂತ್ರೆ ಕಾಲರ್ ಏನು ಮಾಡುತ್ತೆ?"

ಅವರು ಯಾಕೆ ವಾಲಿಸುತ್ತಿದ್ದರು ಎಂದು ನಾನು ಯೋಚಿಸಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಗೇಟು ದಾಟಿದ ಕೂಡಲೇ ಮೇಲಿನ ಗುಂಡಿ ಬಿಚ್ಚಿಕೊಳ್ಳುವುದು ಕಿಟಕಿಯಿಂದ ಕಾಣುತ್ತಿತ್ತು. ನನಗೆ ಅವಮಾನವಾಗುತ್ತಿತ್ತು. ಆ ಅವಮಾನದ ಮುಂದೆ ಬೇರೇನೂ ಕಾಣಲಿಲ್ಲ.

ಮದುವೆ ಅಂಗಿಯನ್ನೇ ಒಂದು ಸಲ ಅವರಿಗೆ ತೊಡಿಸಿ ನೋಡಿದ್ದರೆ ಸಾಕಿತ್ತು. ಅದೂ ಒತ್ತುತ್ತಿತ್ತು. ತಪ್ಪು ಹೊಲಿಗೆಯದಲ್ಲ ಎಂದು ಅವತ್ತೇ ತಿಳಿಯುತ್ತಿತ್ತು. ಆದರೆ ಅಳತೆ ಅಂಗಿ ತೊಡುವುದಕ್ಕಲ್ಲ, ಸವೆಯಬಾರದು ಎಂದು ಮಿಷನ್ನಿನ ಪೆಟ್ಟಿಗೆಯಲ್ಲೇ ಮಡಿಸಿಟ್ಟಿದ್ದೆ.

ನರಕ ಚತುರ್ದಶಿಯ ಬೆಳಿಗ್ಗೆ ಅತ್ತೆ ಮಗನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚುತ್ತಿದ್ದರು. ನೆತ್ತಿಗೆ, ಭುಜಕ್ಕೆ, ಕಿವಿಯ ಹಿಂದಕ್ಕೆ. ಅವರ ಕೈ ಬಲಗಿವಿಯ ಕೆಳಗೆ ನಿಂತಿತು.

"ಇದೇನೋ ಇದು?"

"ಯಾವುದಮ್ಮ?"

ಅತ್ತೆ ನನ್ನ ಕೈ ಹಿಡಿದು ಅಲ್ಲಿಗಿಟ್ಟರು. ಎಣ್ಣೆಯ ಕೆಳಗೆ ಬೆಟ್ಟದ ನೆಲ್ಲಿಕಾಯಿಯಷ್ಟು ದಪ್ಪ, ಕಲ್ಲಿನಷ್ಟು ಗಟ್ಟಿ. ಒತ್ತಿದರೆ ಜರುಗಲಿಲ್ಲ. ನೀರು ಕಾಯುತ್ತಿತ್ತು. ಸ್ನಾನ ಮಾಡಿಸಿದೆವು, ಆರತಿಯನ್ನೂ ಎತ್ತಿದೆವು. ಹಬ್ಬಕ್ಕೆಂದು ಹೊಲಿದಿದ್ದ ಹೊಸ ಅಂಗಿಯನ್ನು ನಾನು ಹೊರಗೆ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ದಿನದಿಂದ ಇದೆ ಎಂದು ಕೇಳಿದರು. ಅವರು, "ಒಂದು ತಿಂಗಳಾಗಿರಬಹುದು ಸಾರ್," ಎಂದರು.

"ಯುಗಾದಿಯಿಂದ," ಎಂದೆ ನಾನು.

ಅವರು ನನ್ನ ಕಡೆ ತಿರುಗಿದರು. ಕತ್ತು ತಿರುಗಲಿಲ್ಲ, ಇಡೀ ಮೈ ತಿರುಗಿಸಬೇಕಾಯಿತು. ಡಾಕ್ಟರು ಬೆರಳು ಮಡಿಸಿ ತಿಂಗಳು ಎಣಿಸಿ, ಏಳು ಎಂದು ಬರೆದುಕೊಂಡರು. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತಿಗೂ ನನಗೆ ಅದು ಗೊತ್ತಿಲ್ಲ.

ಕೊನೆಯ ತಿಂಗಳುಗಳಲ್ಲಿ ಕಾಲರಿಲ್ಲದ ಜುಬ್ಬ ಹೊಲಿದುಕೊಟ್ಟೆ. "ಇದು ಮಾತ್ರ ಸರಿಯಾಗಿ ಹೊಲಿದೆ ನೋಡು," ಎಂದರು. ದಿನ ಹೋದಂತೆ ಆ ದನಿಯೂ ಉಡುಗಿತು. ಮುಂದಿನ ಯುಗಾದಿಗೆ ಅವರಿರಲಿಲ್ಲ.

ಅವರ ಬಟ್ಟೆಗಳನ್ನೆಲ್ಲ ಕೊಟ್ಟೆವು. ಅಳತೆ ಅಂಗಿಯನ್ನು ಕೊಡಲು ಅತ್ತೆ ಬಿಡಲಿಲ್ಲ. ಮಿಷನ್ನಿನ ಪೆಟ್ಟಿಗೆಯಲ್ಲಿ ಅದನ್ನು ಮತ್ತೆ ಇಟ್ಟವರು ಅವರೇ. ಟೇಪಿನ ಮಾತು ನಮ್ಮಿಬ್ಬರ ನಡುವೆ ಒಂದು ದಿನವೂ ಬರಲಿಲ್ಲ. ಅತ್ತೆ ಬೇಡವೆಂದದ್ದು ನಿಜ. ಆರು ವರ್ಷ ಆ ಮಾತು ಕೇಳಿಕೊಂಡು ಸುಮ್ಮನಿದ್ದವಳು ನಾನು, ಅದೂ ನಿಜ.

ವರ್ಷ ತುಂಬಿದ ಮೇಲೆ ಅತ್ತೆಗೆ ರವಿಕೆ ಬೇಕಾಯಿತು. ಹಳೆಯ ರವಿಕೆ ಕೊಡಿ, ಅದರ ಅಳತೆಗೆ ಹೊಲಿಯುತ್ತೇನೆ ಎಂದೆ. ಅವರು ಬಂದು ಮಿಷನ್ನಿನ ಪಕ್ಕದಲ್ಲಿ ನಿಂತರು.

"ಮೈಮೇಲೇ ಅಳೆ."

ಟೇಪು ತೆಗೆದುಕೊಂಡೆ. ಕೊರಳ ಹತ್ತಿರ ಹೋದಾಗ ಟೇಪಿಗಿಂತ ಮೊದಲು ನನ್ನ ಬೆರಳುಗಳೇ ಅವರ ಕಿವಿಯ ಕೆಳಗೆ ಒತ್ತಿ ನೋಡಿದವು, ಬಲಗಡೆ, ಆಮೇಲೆ ಎಡಗಡೆ. ಅವರು ಕಣ್ಣು ಮುಚ್ಚಿ ಅಲುಗದೆ ನಿಂತರು.

"ಏನಾದ್ರೂ ಇದೆಯಾ?"

"ಇಲ್ಲಮ್ಮ."

"ನನಗೆ ಇರಲ್ಲ," ಎಂದರು. ಕಣ್ಣು ತೆರೆದು ತೋಳು ಚಾಚಿ, "ತೋಳು ಉದ್ದ ಇಡು. ಚಳಿ," ಎಂದರು.