ಫೆಲಿಕ್ಸ್ ಪೊರ್ಬುಗಳ ಎಡಗಣ್ಣು

1964ರ ಮಳೆಗಾಲ ಮುಗಿದ ಮೇಲೆ ಉಡುಪಿಯ ನಮ್ಮ ಓಣಿಗೆ ಮೊದಲ ಬೀದಿದೀಪ ಬಂತು. ಅದನ್ನು ಕೇಳಿಕೊಂಡ ಅರ್ಜಿಯಲ್ಲಿ ಮೊದಲ ಸಹಿ ನೆರೆಮನೆಯ ಫೆಲಿಕ್ಸ್ ಪೊರ್ಬುಗಳದ್ದು; ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಪೊರ್ಬುಗಳೆಂದೇ ಕರೆಯುವುದು. ಅರ್ಜಿ ಬರೆದವನು ನಾನು.

ಪೊರ್ಬುಗಳದ್ದು ವಾಚ್ ರಿಪೇರಿಯ ಅಂಗಡಿ. ಸಂಜೆ ಬಾಗಿಲು ಹಾಕಿದೊಡನೆ ಎಡಗಣ್ಣಿಗೆ ಕಪ್ಪು ಕರವಸ್ತ್ರ ಕಟ್ಟಿಕೊಂಡು ಮನೆಗೆ ನಡೆಯುತ್ತಿದ್ದರು. ಪೇಟೆಯ ದೀಪ ನೋಡಿದ ಕಣ್ಣಿಗೆ ಮಂಕು ನಕ್ಷತ್ರ ಕಾಣಲು ಅರ್ಧ ಗಂಟೆ ಬೇಕು; ಕಟ್ಟಿಟ್ಟ ಕಣ್ಣಿಗೆ ಬೇಡ. ಎದುರುಮನೆಯ ಗಿರಿಜಕ್ಕ ಕೆಣಕದೆ ಬಿಡುತ್ತಿರಲಿಲ್ಲ.

“ಎಂತ ಪೊರ್ಬುಗಳೇ, ಇವತ್ತೂ ಕಣ್ಣುಬೇನೆಯಾ?”

“ಬಲದ ಕಣ್ಣು ಗಿರಾಕಿಗಳದ್ದು ಗಿರಿಜಕ್ಕ. ಎಡದ್ದು ನನ್ನದು. ಅದಕ್ಕೆ ಬೀಗ ಹಾಕಿದ್ದೇನೆ.”

ಆ ಕಣ್ಣು ಚಳಿಗಾಲದಲ್ಲಿ ಉತ್ತರಕ್ಕೆ ಕಾಣುವ ಒಂದು ನಕ್ಷತ್ರಕ್ಕೆ ಮೀಸಲು. ಎರಡು ದಿನ, ಇಪ್ಪತ್ತು ಗಂಟೆ, ನಲವತ್ತೊಂಬತ್ತು ನಿಮಿಷಕ್ಕೊಮ್ಮೆ ಅದು ಮಂಕಾಗಿ ಮತ್ತೆ ಬೆಳಗುತ್ತದೆ. ದುರ್ಬೀನು ಬೇಕಿಲ್ಲ. ಸುತ್ತಲಿನ ನಕ್ಷತ್ರಗಳಲ್ಲಿ ಯಾವುದಕ್ಕಿಂತ ಮಂಕು ಎಂದು ನೋಡಿ, ಹೊತ್ತಿನೊಂದಿಗೆ ಬರೆದಿಡಬೇಕು. ಹದಿಮೂರು ವರ್ಷ ಅಂಗಳದಲ್ಲಿ ನಿಂತು ಬರೆದಿದ್ದರು. “ಕೀ ಕೊಡುವುದು ಬೇಡ, ಎಣ್ಣೆ ಬಿಡುವುದು ಬೇಡ. ನನ್ನ ಅಂಗಡಿಯಲ್ಲಿ ಇಂಥದ್ದು ಒಂದೂ ಇಲ್ಲ ಮಾರಾಯ,” ಎನ್ನುತ್ತಿದ್ದರು.

ಆ ಮಳೆಗಾಲ ಗಿರಿಜಕ್ಕ ಓಣಿಯ ತಿರುವಿನ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡರು. ದೀಪ ತಿರುವಿನಲ್ಲೇ ಬರುತ್ತದೆಂದು ಎಣಿಸಿ ಪೊರ್ಬುಗಳು ಸಹಿ ಹಾಕಿದರು. ಕಂಬ ಎಲ್ಲಿ ಬೇಕೆಂದು ನಾನು ಅರ್ಜಿಯಲ್ಲಿ ಬರೆದಿರಲಿಲ್ಲ. ಕೆಲಸದವರು ಮಣ್ಣು ಮೆತ್ತಗಿದ್ದ ಕಡೆ ಅಗೆದರು: ಪೊರ್ಬುಗಳ ಅಂಗಳದ ಉತ್ತರಕ್ಕೆ, ಗೇಟಿನ ಪಕ್ಕ.

“ನಕ್ಷತ್ರ ಬೆಳಗುವಾಗ ಕಾಣುತ್ತದೆ. ಮಂಕಾದಾಗ ಈ ದೀಪದ ಎದುರು ಕಾಣುವುದಿಲ್ಲ,” ಎಂದರು ಪೊರ್ಬುಗಳು. “ನನಗೆ ಬೇಕಾದದ್ದು ಮಂಕಾಗುವುದೇ ಅಲ್ವಾ?”

ಒಂದು ದಿನ ಬಿಸ್ಕತ್ತಿನ ಡಬ್ಬಿ ಕತ್ತರಿಸಿ, ದೀಪಕ್ಕೆ ಅಂಗಳದ ಕಡೆಯಿಂದ ತಗಡು ಕಟ್ಟಿದರು. ತಿರುವು ಅಂಗಳದ ಆಚೆಗಿತ್ತು. ನೆರಳು ಅಲ್ಲಿಯವರೆಗೂ ಬಿತ್ತು. ಸಂಜೆ ಕೋಲೂರಿಕೊಂಡು ಬಂದ ಗಿರಿಜಕ್ಕ ತಿರುವಿನಲ್ಲಿ ನಿಂತುಬಿಟ್ಟರು.

“ಪೊರ್ಬುಗಳೇ, ದೀಪ ಹೋಯಿತಾ? ಚರಂಡಿ ಎಲ್ಲಿ ಉಂಟೆಂದೇ ಗೊತ್ತಾಗುವುದಿಲ್ಲ!”

ಪೊರ್ಬುಗಳು ಏಣಿ ತಂದು ತಗಡು ಬಿಚ್ಚಿದರು. ಗಿರಿಜಕ್ಕನನ್ನು ಕೈಹಿಡಿದು ಮನೆ ಮುಟ್ಟಿಸಿದರು. “ಹಾಳಾದ ತಗಡು, ಎಲ್ಲಿಂದಲೋ ಗಾಳಿಗೆ ಬಂದು ಸಿಕ್ಕಿಕೊಂಡಿತ್ತು,” ಎಂದರು.

ಕಂಬವನ್ನು ತಿರುವಿಗೆ ಸರಿಸಲು ಇನ್ನೊಂದು ಅರ್ಜಿ ಬರೆಯಲೇ ಎಂದು ಕೇಳಿದೆ.

“ಬೇಡ. ಕಂಬ ಕಿತ್ತವರು ಮತ್ತೆ ನೆಡುತ್ತಾರೆಂದು ಯಾರು ಹೇಳಿದ್ದು? ಗಿರಿಜಕ್ಕನ ಕಾಲು ಒಮ್ಮೆ ಮುರಿದದ್ದು ಸಾಕು.”

ಆಮೇಲೆ ನಕ್ಷತ್ರ ಮಂಕಾಗುವ ಸಂಜೆಗಳಲ್ಲಿ ಬಸ್ಸು ಹಿಡಿದು ಕಾಪುವಿನ ಕಡಲಕರೆಗೆ ಹೋಗತೊಡಗಿದರು. ಒಮ್ಮೆ ನಾನೂ ಹೋಗಿದ್ದೆ. ದೀಪಸ್ತಂಭದ ಬೆಳಕು ಸುತ್ತಿ ಬರುವಾಗ ಕಣ್ಣು ಮುಚ್ಚುತ್ತಿದ್ದರು, ದಾಟಿದ ಮೇಲೆ ತೆರೆಯುತ್ತಿದ್ದರು. “ಇದು ಹೊತ್ತಿಗೆ ಸರಿಯಾಗಿ ಬರುತ್ತದೆ, ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಮರ್ಯಾದಸ್ಥ ದೀಪ.”

1967ರಲ್ಲಿ ಮೊಣಕಾಲು ನೋವು ಹೆಚ್ಚಿ ಕಾಪುವಿಗೆ ಹೋಗುವುದು ನಿಂತಿತು. ಅಂಗಡಿಯಿಂದ ಎರಡೂ ಕಣ್ಣು ತೆರೆದುಕೊಂಡೇ ಬರತೊಡಗಿದರು. ಗಿರಿಜಕ್ಕ ಕೆಣಕುವುದನ್ನು ಬಿಟ್ಟರು.

1969ರಲ್ಲಿ ಪೊರ್ಬುಗಳು ಕಾರ್ಕಳದ ಮಗಳ ಮನೆಯಲ್ಲಿ ತೀರಿಕೊಂಡರು. ನಕ್ಷತ್ರದ ನೋಟ್‌ಬುಕ್ಕನ್ನು ಮಗಳು ನನಗೆ ಕೊಟ್ಟಳು. ಅದರ ಕೊನೆಯ ಸಾಲು ಉಡುಪಿಯಲ್ಲಿ, ಹಿಂದಿನ ವರ್ಷದ ಜನವರಿಯಲ್ಲಿ ಬರೆದದ್ದು: “ಅಂಗಳ. ಏಳು ಇಪ್ಪತ್ತು. ಮೋಡ ಇಲ್ಲ. ಕಾಣಲಿಲ್ಲ.”